ಹಾಸಿಗೆ ಹಾಸಿದವರು ಯಾರು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಮಗೆ ಹೇಳದವರಿಲ್ಲ. ಇಸ್ಕೂಲಿನಲ್ಲಿ ಮೇಷ್ಟ್ರು ಹೇಳಿದರು. ಕೂಲಿ ಜಾಸ್ತಿ ಕೇಳಿದಾಗ ಜಮೀನಿನವರು ಹೇಳಿದರು. ಸ್ಕಾಲರ್‌ಶಿಪ್ಪು ಯಾಕೆ ಬಂದಿಲ್ಲ ಎಂದು ವಿಚಾರಿಸಲು ಹೋದಾಗ ಗುಮಾಸ್ತರು ಹೇಳಿದರು. ಈಗ ಬೆಳಗಾಗೆದ್ದು ಮೊಬೈಲು ತೆಗೆದರೆ ಅದೇ ಮಾತನ್ನು ಗುರೂಜಿಗಳು ಇನ್ನಷ್ಟು ನಯವಾಗಿ ಹೇಳುತ್ತಾರೆ: ಇರುವುದರಲ್ಲಿ ತೃಪ್ತಿ ಪಡಿ, ದೇವರು ಕೊಟ್ಟದ್ದಕ್ಕೆ ಕೃತಜ್ಞರಾಗಿರಿ, ರಾತ್ರಿ ಮಲಗುವ ಮುಂಚೆ ಆ ದಿನ ಸಿಕ್ಕ ಒಳ್ಳೆಯದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಇಷ್ಟು ಜನ ಇಷ್ಟು ಕಾಲದಿಂದ ಹೇಳುತ್ತಿದ್ದರೂ ಒಂದು ಪ್ರಶ್ನೆ ಮಾತ್ರ ಎಲ್ಲರ ಬಾಯಲ್ಲೂ ತಪ್ಪಿಹೋಗಿದೆ. ಆ ಹಾಸಿಗೆಯನ್ನು ಅಷ್ಟು ಗಿಡ್ಡಕ್ಕೆ ಹಾಸಿದವರು ಯಾರು? ಒಂದೇ ಊರಿನಲ್ಲಿ ಒಬ್ಬನ ಹಾಸಿಗೆ ತೊಟ್ಟಿಮನೆಯ ಅಂಗಳದಷ್ಟು, ಇನ್ನೊಬ್ಬನದು ಹರಿದ ಗೋಣಿತಾಟಿನಷ್ಟು ಆದದ್ದು ಹೇಗೆ?

ಗೆಳೆಯರೇ, ತೃಪ್ತಿ ಮತ್ತು ಕೃತಜ್ಞತೆ ಎರಡೂ ಮೋಸದ ಮಾತುಗಳೆಂದು ಸಾರಿ ಚಪ್ಪಾಳೆ ಗಿಟ್ಟಿಸುವ ಉದ್ದೇಶ ನಮಗಿಲ್ಲ. ಎಷ್ಟು ನುಂಗಿದರೂ ಹೊಟ್ಟೆ ತುಂಬದವರು ದೇಶ ಆಳುತ್ತಿರುವಾಗ ‘ಸಾಕು’ ಅನ್ನಬಲ್ಲ ಮನುಷ್ಯ ದೊಡ್ಡವನು. ಕಷ್ಟದಲ್ಲಿ ಕೈ ಹಿಡಿದವರನ್ನು ಮರೆಯುವವನು ಸಣ್ಣವನು. ಇದರಲ್ಲಿ ನಮ್ಮದೇನೂ ತಕರಾರಿಲ್ಲ. ನಮ್ಮ ತಕರಾರು ಈ ಮಾತುಗಳು ಹರಿಯುವ ದಿಕ್ಕಿನದು. ಉಂಡವರು ಉಣ್ಣದವರಿಗೆ ತೃಪ್ತಿಯ ಪಾಠ ಹೇಳುತ್ತಾರೆ. ದುಡಿಸಿಕೊಂಡವರು ದುಡಿದವರಿಂದ ಕೃತಜ್ಞತೆ ಕೇಳುತ್ತಾರೆ. ಇದು ತಿರುಗುಮುರುಗಾಗಿ ಹರಿದದ್ದನ್ನು ನೀವು ಯಾವ ಊರಲ್ಲಿ ಕಂಡಿದ್ದೀರಿ? ಕೂಲಿ ಆಳು ಗೌಡರ ಜಗಲಿ ಹತ್ತಿ ನಿಂತು, “ಬುದ್ಧೀ, ಇಪ್ಪತ್ತೆಕರೆಲಿ ತೃಪ್ತಿ ಪಟ್ಕೊಳಿ, ಹಾಸ್ಗೆ ಇದ್ದಷ್ಟು ಕಾಲ್ ಚಾಚಿ” ಎಂದು ಬುದ್ಧಿವಾದ ಹೇಳಿದ್ದನ್ನು?

ನಮ್ಮ ಸೀಮೆಯಲ್ಲಿ ಈ ಎರಡು ಮಾತುಗಳು ಒಟ್ಟಿಗೆ ಸೇರುವ ಒಂದು ಜಾಗ ದೊಡ್ಡಮಳೂರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಚನ್ನಪಟ್ಟಣ ದಾಟಿದ ಸ್ವಲ್ಪಕ್ಕೇ ಕಣ್ವ ನದಿಯ ಬಗಲಿನಲ್ಲಿ ಸಿಕ್ಕುವ ಊರು. ಚೋಳರ ಕಾಲದ್ದೆಂದು ಹೇಳುವ ಗುಡಿ. ಮುಖ್ಯ ದೇವರ ಹೆಸರು ಅಪ್ರಮೇಯ, ಅಂದರೆ ಅಳತೆಗೆ ಸಿಕ್ಕದವನು. ನಮ್ಮ ಹಿರಿಯರ ಬದುಕನ್ನೆಲ್ಲ ಸೇರು, ಬಳ್ಳ, ಕೊಳಗಗಳಲ್ಲಿ, ಅದೂ ತಲೆ ಹೊಡೆದ ಅಳತೆಯಲ್ಲಿ ಅಳೆದುಕೊಟ್ಟ ನಾಡಿನಲ್ಲಿ ಅಳತೆಗೆ ಸಿಕ್ಕದ ದೇವರು! ಆದರೆ ಜನ ಮುಗಿಬೀಳುವುದು ಅದೇ ಗುಡಿಯಲ್ಲಿರುವ ಅಂಬೆಗಾಲು ಕೃಷ್ಣನ ಮುಂದೆ. ಕೈಯಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಕ್ಕುತ್ತಿರುವ ಕೂಸು. ಮಕ್ಕಳಾಗದವರು ಬಂದು ಹರಕೆ ಹೊರುತ್ತಾರೆ, ಬೆಣ್ಣೆ ಒಪ್ಪಿಸುತ್ತಾರೆ. ಮಕ್ಕಳಾದವರು ತೊಟ್ಟಿಲು ತಂದು ಕೊಡುತ್ತಾರೆ. ಪುರಂದರದಾಸರು ‘ಜಗದೋದ್ಧಾರನ’ ಕೀರ್ತನೆಯನ್ನು ಈ ಕೂಸನ್ನು ನೋಡಿಯೇ ಹಾಡಿದರೆಂಬುದು ಸ್ಥಳದ ನಂಬಿಕೆ.

ಆ ತೊಟ್ಟಿಲುಗಳನ್ನು ನೋಡಿ ನಗುವ ವಿಚಾರವಾದಿ ಗೆಳೆಯರಿದ್ದಾರೆ. ನಮಗೆ ನಗು ಬರುವುದಿಲ್ಲ. ಒಂದೊಂದು ತೊಟ್ಟಿಲಿನ ಹಿಂದೆಯೂ ಒಬ್ಬ ಹೆಣ್ಣುಮಗಳಿದ್ದಾಳೆ. ವರ್ಷಗಟ್ಟಲೆ ಊರ ಬಾಯಲ್ಲಿ ಬಂಜೆ ಅನ್ನಿಸಿಕೊಂಡವಳು, ಸೀಮಂತಕ್ಕೆ ಕರೆಯದೆ ಬಿಟ್ಟವಳು, ಗಂಡನಿಗೆ ಇನ್ನೊಂದು ಹೆಣ್ಣು ನೋಡುತ್ತೇವೆಂದು ಅತ್ತೆಯ ಬಾಯಲ್ಲಿ ಕೇಳಿಸಿಕೊಂಡವಳು. ಅವಳ ಮಡಿಲು ತುಂಬಿದಾಗ ಅವಳ ಕಣ್ಣಲ್ಲಿ ಬರುವ ನೀರು ನಿಜವಾದದ್ದು. ಅವಳ ಕೃತಜ್ಞತೆಯನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ತೊಟ್ಟಿಲು ಕೂಸು ಕೊಟ್ಟ ದೇವರಿಗೆ ಸಲ್ಲಿಸಿದ ಕಾಣಿಕೆ ಎಷ್ಟೋ, ಊರಿನ ನಾಲಿಗೆಯಿಂದ ಬಿಡುಗಡೆಯಾದದ್ದಕ್ಕೆ ಕಟ್ಟಿದ ಸುಂಕವೂ ಅಷ್ಟೇ. ದೇವರಿಗೆ ಕೈಮುಗಿದದ್ದಾಯಿತು. ಹಂಗಿಸಿದ ಊರನ್ನು ಕೇಳುವವರು ಯಾರು?

ದಾಸರ ವಿಚಾರಕ್ಕೆ ಬರೋಣ. ಪುರಂದರದಾಸರು ಪೂರ್ವಾಶ್ರಮದಲ್ಲಿ ಒಡವೆ ಒತ್ತೆಯಿಟ್ಟುಕೊಂಡು ಸಾಲ ಕೊಡುತ್ತಿದ್ದ ಭಾರಿ ವ್ಯಾಪಾರಿ, ನವಕೋಟಿ ನಾರಾಯಣ ಎನ್ನಿಸಿಕೊಂಡಿದ್ದ ಶ್ರೀನಿವಾಸ ನಾಯಕ ಎಂದು ಕತೆ ಇದೆ. ಬಡವನ ವೇಷದಲ್ಲಿ ಬಂದವನಿಗೆ ಹೆಂಡತಿ ತನ್ನ ಮೂಗುತಿ ಬಿಚ್ಚಿಕೊಟ್ಟಳು, ಅದರಿಂದ ಗಂಡನ ಕಣ್ಣು ತೆರೆಯಿತು, ಇದ್ದದ್ದನ್ನೆಲ್ಲ ದಾನ ಮಾಡಿ ತಂಬೂರಿ ಹಿಡಿದು ಹೊರಟ. (ಈ ಕತೆಯಲ್ಲಿ ಮೊದಲು ಕೊಟ್ಟವಳು ಹೆಂಡತಿ. ಹೆಸರಾದದ್ದು ಗಂಡ. ಇರಲಿ.) ಗಂಟು ಬಿಸಾಕಿ ಬೀದಿಗಿಳಿದವನ ಸಂತೋಷಕ್ಕೆ ನಾವು ಗೌರವ ಕೊಡುತ್ತೇವೆ. ಸಾಹುಕಾರರೆಲ್ಲ ಹಾಗೆ ಮಾಡಿದರೆ ನಾವು ಈ ಪತ್ರಿಕೆ ನಿಲ್ಲಿಸಿ ಭಜನೆಗೆ ಕೂರಲೂ ತಯಾರು. ತೊಂದರೆ ಬರುವುದು, ಒಂಬತ್ತು ಕೋಟಿ ಬಿಟ್ಟವನ ಮಾತನ್ನು ಒಂಬತ್ತು ಕಾಸು ಒಟ್ಟಿಗೆ ಕಾಣದವನಿಗೆ ಪಾಠವಾಗಿ ಒಪ್ಪಿಸುವಾಗ. ಬಿಡುವುದಕ್ಕೆ ಮೊದಲು ಹಿಡಿದಿರಬೇಕು ತಾನೆ? ಕೇರಿಯವನು ಏನನ್ನು ಬಿಡಬೇಕು? ಜೀತವನ್ನೇ?

ಇನ್ನು ಆ ಕೂಸಿನ ವಿಚಾರ. ತಮಾಷೆ ನೋಡಿ, ಜನ ತೃಪ್ತಿ ಬೇಡಿಕೊಳ್ಳಲು ಹೋಗುವ ಗುಡಿಯಲ್ಲಿ ಕೂತಿರುವುದು ತೃಪ್ತಿಯೇ ಇಲ್ಲದ ಮಗು! ಅವ್ವ ಕೊಟ್ಟಷ್ಟಕ್ಕೆ ಸುಮ್ಮನಿರದೆ ನೆಲುವಿಗೆ ಕೈ ಹಾಕಿದವನು, ಅಕ್ಕಪಕ್ಕದ ಮನೆ ಗಡಿಗೆ ಒಡೆದವನು, ತಾನೊಬ್ಬನೇ ತಿನ್ನದೆ ದನ ಕಾಯುವ ಹುಡುಗರಿಗೆಲ್ಲ ಹಂಚಿದವನು. ಗೋಕುಲದ ಹಾಲು ಬೆಣ್ಣೆಯೆಲ್ಲ ಕಂಸನಿಗೆ ಕಂದಾಯವಾಗಿ ಮಧುರೆಗೆ ಹೋಗುತ್ತಿತ್ತು, ಕರೆದವರ ಮಕ್ಕಳಿಗೆ ಮಜ್ಜಿಗೆಯೇ ಗತಿ, ಅದಕ್ಕೇ ಕೃಷ್ಣ ಕದ್ದು ಹಂಚಿದ ಎಂದು ಹರಿಕತೆಯಲ್ಲಿ ಹೇಳುವುದನ್ನು ನೀವೂ ಕೇಳಿರಬಹುದು. ಕೇಳಿ ಎಲ್ಲರೂ ಆನಂದಪಡುತ್ತಾರೆ. ನಮ್ಮ ಕೇರಿಯ ಒಬ್ಬ ಅಜ್ಜಿ ದೊಡ್ಡಮಳೂರಿನಿಂದ ಬಂದವಳು ಹೇಳಿದ ಮಾತು ಇದು: “ಅವನೂ ಕದ್ದೇ ತಿಂದವ್ನೆ ಕಣ್ಲಾ ಮಗ. ಹಸ್ದ ಹೊಟ್ಟೆ ಕಷ್ಟ ಅವನ್ಗೆ ಗೊತ್ತಾಯ್ತದೆ.” ಯಾವ ಪಂಡಿತರ ವ್ಯಾಖ್ಯಾನಕ್ಕಿಂತಲೂ ಇದು ನಮಗೆ ಹತ್ತಿರ.

ಆದರೆ ದೇವನೂರ ಮಹಾದೇವರ ‘ಒಡಲಾಳ’ ಓದಿದವರಿಗೆ ಇನ್ನೊಂದು ಕಳವಿನ ನೆನಪಿರುತ್ತದೆ. ಸಾಕವ್ವನ ಗುಡಿಸಲಲ್ಲಿ ಸಾಹುಕಾರನ ಕಡೆಯಿಂದ ತಂದ ಕಡಲೆಕಾಯಿ ಮೂಟೆ ಬಿಚ್ಚಿಕೊಂಡು, ಒಲೆ ಸುತ್ತ ಕೂತು, ರಾತ್ರಿಯೆಲ್ಲ ಮನೆಮಂದಿ ತಿನ್ನುತ್ತಾರೆ. ಕನ್ನಡ ಸಾಹಿತ್ಯದಲ್ಲಿ ತೃಪ್ತಿ ಎಂಬುದು ಇಷ್ಟು ಮೈತುಂಬಿಕೊಂಡು ಬಂದ ಜಾಗ ಇನ್ನೊಂದಿದೆಯೋ ಇಲ್ಲವೋ. ಪ್ರವಚನವಿಲ್ಲ, ಧ್ಯಾನವಿಲ್ಲ. ಹೊಟ್ಟೆ ತುಂಬುತ್ತಿದೆ, ಅಷ್ಟೆ. ಆಮೇಲೆ ಅಲ್ಲಿಗೆ ಬರುವುದು ಭಕ್ತರಲ್ಲ, ಪೊಲೀಸರು. ಬೆಣ್ಣೆ ಕದ್ದವನಿಗೆ ಗೋಪುರ ಕಟ್ಟಿದ ಸಮಾಜವೇ ಕಡಲೆಕಾಯಿ ಕದ್ದವನ ಗುಡಿಸಲಿಗೆ ಲಾಠಿ ಕಳಿಸಿತು. ಹಸಿವು ಎರಡೂ ಕಡೆ ಇತ್ತು. ಜಾತಿ ಬೇರೆ ಇತ್ತು.

ಶಾಸ್ತ್ರದವರು ಇದಕ್ಕೆ ಏನನ್ನುತ್ತಾರೆ? ಪತಂಜಲಿಯ ಯೋಗಸೂತ್ರದಲ್ಲಿ ‘ಸಂತೋಷ’ ಒಂದು ನಿಯಮ. ಗೀತೆಯಲ್ಲಿ ತಾನಾಗಿ ಬಂದದ್ದರಲ್ಲಿ ಸಂತುಷ್ಟನಾದವನಿಗೆ ಹೊಗಳಿಕೆ ಇದೆ. ಅದೇ ಗೀತೆಯ ಹದಿನೆಂಟನೇ ಅಧ್ಯಾಯದಲ್ಲಿ ಶೂದ್ರನಿಗೆ ಸೇವೆಯೇ ಸ್ವಭಾವದಿಂದ ಹುಟ್ಟಿದ ಕೆಲಸ ಎಂದೂ ಇದೆ. ಇವೆರಡನ್ನೂ ಒಂದರ ಪಕ್ಕ ಒಂದಿಟ್ಟು ಓದಬೇಕು. ಇನ್ನೂ ಸ್ಪಷ್ಟವಾಗಿ ಕಾಣಬೇಕಾದರೆ ಮನುಸ್ಮೃತಿ ತೆಗೆಯಿರಿ. ನಾಲ್ಕನೇ ಅಧ್ಯಾಯದಲ್ಲಿ ಬ್ರಾಹ್ಮಣ ಗೃಹಸ್ಥನಿಗೆ ಸಂತೃಪ್ತಿಯೇ ಸುಖಕ್ಕೆ ಬೇರು ಎಂಬ ಉಪದೇಶ. ಹತ್ತನೇ ಅಧ್ಯಾಯಕ್ಕೆ ಬಂದರೆ, ಶೂದ್ರ ಶಕ್ತನಾಗಿದ್ದರೂ ಹಣ ಕೂಡಿಡಕೂಡದು ಎಂಬ ಕಟ್ಟಳೆ. ಅವನಿಗೆ ಕೊಡಬೇಕಾದದ್ದು ಉಂಡು ಮಿಕ್ಕ ಅನ್ನ, ಹಳೆಯ ಬಟ್ಟೆ, ಕಾಳಿನಲ್ಲಿ ತೂರಿಹೋದ ಜೊಳ್ಳು. ಅದೇ ಅಧ್ಯಾಯದ ಚಂಡಾಲನಿಗೆ ಊರಾಚೆಯ ವಾಸ, ಒಡೆದ ಮಡಕೆ, ಹೆಣದ ಮೇಲಿನ ಬಟ್ಟೆ. ಇಷ್ಟೂ ಸಾಲದೆಂದು ಮೊದಲನೇ ಅಧ್ಯಾಯದಲ್ಲಿ ಇನ್ನೊಂದು ಷರತ್ತು: ಶೂದ್ರ ಸೇವೆ ಮಾಡಿದರಷ್ಟೇ ಸಾಲದು, ಅಸೂಯೆಯಿಲ್ಲದೆ ಮಾಡಬೇಕು. ಮೈಯಿಂದ ದುಡಿಸಿಕೊಂಡದ್ದಲ್ಲದೆ ಮನಸ್ಸೂ ಒಪ್ಪಿರಬೇಕು ಎಂಬ ಹಠ. ಒಂದೇ ಪುಸ್ತಕ, ಒಬ್ಬನಿಗೆ ತೃಪ್ತಿ ಉಪದೇಶವಾಯಿತು, ಇನ್ನೊಬ್ಬನಿಗೆ ಕಾನೂನಾಯಿತು. ೧೯೨೭ರ ಡಿಸೆಂಬರ್ ೨೫ರಂದು ಮಹಾಡಿನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಸುಟ್ಟದ್ದು ಬರೀ ಕಾಗದವನ್ನಲ್ಲ ಎಂದು ಹೇಳುವುದು ಇದಕ್ಕೇ.

ಹಾಗಾದರೆ ದುಡಿಯುವವರಿಗೆ ತೃಪ್ತಿ ಎಂಬುದೇ ಇಲ್ಲವೆ? ಇದೆ. ಅದನ್ನು ಕಲಿಯಲು ಹನ್ನೆರಡನೇ ಶತಮಾನದ ಕಲ್ಯಾಣಕ್ಕೆ, ಆಯ್ದಕ್ಕಿ ಲಕ್ಕಮ್ಮನ ಹತ್ತಿರ ಹೋಗಬೇಕು. ಗಂಡ ಮಾರಯ್ಯ ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಡವರಲ್ಲವೆ ಎಂದು ಬಸವಣ್ಣನವರೇ ಬೇಕೆಂದು ಹೆಚ್ಚಿಗೆ ಚೆಲ್ಲಿಸಿದ್ದರು ಎಂದು ಹೇಳುತ್ತಾರೆ. ಲಕ್ಕಮ್ಮ ಅದನ್ನು ನೋಡಿದವಳೇ ಗಂಡನನ್ನು ತರಾಟೆಗೆ ತೆಗೆದುಕೊಂಡು, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಕಳಿಸಿದಳು.

ಈ ಕತೆಯನ್ನು ಆಸೆ ಕೆಟ್ಟದ್ದು ಎಂಬ ನೀತಿಗೆ ಬಳಸುವವರೇ ಹೆಚ್ಚು. ನಮಗೆ ಕಾಣುವುದು ಬೇರೆ. ಅಕ್ಕಿ ಆಗಲೇ ಅವಳ ಮನೆಯೊಳಗೆ ಬಂದಿತ್ತು. ಇಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ಎಷ್ಟು ಸಾಕು ಎಂದು ಗೆರೆ ಎಳೆದವಳು ಅವಳು. ಕಲ್ಯಾಣದ ದಂಡನಾಯಕನ ಕರುಣೆಗೂ ಆ ಗೆರೆ ದಾಟಲು ಬಿಡಲಿಲ್ಲ. ತನ್ನ ಕಾಯಕಕ್ಕೆ ಸಂದದ್ದು ತನ್ನದು, ಅದಕ್ಕೆ ಮೇಲೆ ಬಂದದ್ದು ಭಿಕ್ಷೆ, ಭಿಕ್ಷೆ ತನಗೆ ಬೇಡ. ಸಾಕು ಎಂಬ ಮಾತಿಗೆ ಬೆಲೆ ಬರುವುದು ಇನ್ನಷ್ಟು ತೆಗೆದುಕೊಳ್ಳುವ ಅವಕಾಶವಿದ್ದವರು ಹೇಳಿದಾಗ. ಖಾಲಿ ಗಡಿಗೆಯ ಮುಂದೆ ಕೂತು, ಮಕ್ಕಳಿಗೆ ಮುದ್ದೆ ಮುರಿದು ಹಾಕಿ, “ನಂಗ್ ಸಾಕು, ನೀವ್ ಉಣ್ಣಿ” ಎನ್ನುವ ನಮ್ಮ ಅವ್ವಂದಿರ ‘ಸಾಕು’ ಇದೆಯಲ್ಲ, ಅದನ್ನು ತೃಪ್ತಿ ಎಂದು ಕರೆದು ಹಾಡಿ ಹೊಗಳುವವರನ್ನು ಕಂಡರೆ ನಮಗೆ ಮೈ ಉರಿಯುತ್ತದೆ. ಅದು ಪ್ರೀತಿ. ಅದು ಹಸಿವು ಕೂಡ. ತೃಪ್ತಿಯಂತೂ ಖಂಡಿತ ಅಲ್ಲ.

ಬಾಬಾಸಾಹೇಬರು ತೀರಿಕೊಂಡ ಮೇಲೆ ೧೯೫೭ರಲ್ಲಿ ಅಚ್ಚಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಈ ಗಂಟನ್ನು ಬಿಚ್ಚುವ ಒಂದು ಜಾಗವಿದೆ. ಧಮ್ಮಪದದಲ್ಲಿ ಸಂತೃಪ್ತಿಯನ್ನು ದೊಡ್ಡ ಸಂಪತ್ತು ಎಂದು ಹೇಳಿರುವುದನ್ನು ಅವರು ಎತ್ತಿಕೊಂಡು, ಇದನ್ನು ಪರಿಸ್ಥಿತಿಗೆ ಶರಣಾಗು ಎಂದು ಓದಬಾರದು ಎಂದು ಎಚ್ಚರಿಸುತ್ತಾರೆ. ಬುದ್ಧ ಬಡತನವನ್ನು ಭಾಗ್ಯ ಎನ್ನಲಿಲ್ಲ. ನರಳುವವನು ತನ್ನ ಸ್ಥಿತಿ ಬದಲಿಸಿಕೊಳ್ಳಕೂಡದು ಎನ್ನಲಿಲ್ಲ. ವೀರ್ಯವನ್ನು, ಅಂದರೆ ಛಲದ ದುಡಿಮೆಯನ್ನು ಕಲಿಸಿದ. ಬೇಡ ಎಂದದ್ದು ಎಲ್ಲೆಯಿಲ್ಲದ ದುರಾಸೆಯನ್ನು. ಹಾಗೆ ನೋಡಿದರೆ ಈ ಪಾಠಕ್ಕೆ ಮೊದಲು ಕೂರಬೇಕಾದ ವಿದ್ಯಾರ್ಥಿಗಳು ಕೇರಿಯಲ್ಲಿಲ್ಲ. ಬೆಂಗಳೂರಿನ ಸುತ್ತ ಕೆರೆಯಂಗಳವನ್ನೂ ಗೋಮಾಳವನ್ನೂ ನುಂಗಿದವರ ಬಂಗಲೆಗಳಲ್ಲಿದ್ದಾರೆ.

ಈಗ ಕೃತಜ್ಞತೆ. ಈ ಶಬ್ದವನ್ನು ಒಡೆದು ನೋಡಿ. ಕೃತ ಅಂದರೆ ಮಾಡಿದ್ದು, ಜ್ಞ ಅಂದರೆ ತಿಳಿದವನು. ಮಾಡಿದ್ದನ್ನು ತಿಳಿದವನೇ ಕೃತಜ್ಞ. ಕೈಮುಗಿಯುವುದು ಆಮೇಲಿನ ಮಾತು, ಮೊದಲು ಯಾರು ಯಾರಿಗೆ ಏನು ಮಾಡಿದರು ಎಂಬ ಲೆಕ್ಕ ತಿಳಿಯಬೇಕು. ಹಳ್ಳಿಗಳಲ್ಲಿ ಈ ಲೆಕ್ಕವನ್ನೇ ತಲೆಕೆಳಗು ಮಾಡಿ ಇಟ್ಟಿದ್ದಾರೆ. ‘ಉಂಡ ಮನೆ ಜಂತೆ ಎಣಿಸಬೇಡ’ ಎನ್ನುತ್ತಾರೆ. ಆ ಜಂತೆಗೆ ಮರ ಕಡಿದು ಹೊತ್ತು ತಂದವನು ಯಾರು, ಆ ಮನೆಗೆ ರಾಗಿ ಬೆಳೆದುಕೊಟ್ಟವನು ಯಾರು? ಉಂಡವರು ಯಾರು, ಉಣಿಸಿದವರು ಯಾರು?

ಮಾಗಡಿ ತಾಲ್ಲೂಕಿನ ಮಂಚನಬೆಲೆ ದೊಡ್ಡಮಳೂರಿಗೆ ದೂರದ್ದೇನಲ್ಲ. ಅಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ‘ಊರುಕೇರಿ’ಯ ಶುರುವಿನಲ್ಲೇ ಹೇಳುವ ನೋಟ ಒಂದಿದೆ. ಹೊಲದಲ್ಲಿ ಇಬ್ಬರ ಹೆಗಲ ಮೇಲೆ ನೊಗ ಹೂಡಿ ಹಿಂದಿನಿಂದ ಒಬ್ಬ ಉಳುತ್ತಿದ್ದಾನೆ. ಎತ್ತಿನ ಜಾಗದಲ್ಲಿದ್ದ ಇಬ್ಬರಲ್ಲಿ ಒಬ್ಬರು ಅಪ್ಪ. ನೋಡುತ್ತಿರುವುದು ಮಗ. ಆ ಹೊಲದ ಬೆಳೆ ಮನೆ ಸೇರಿದಾಗ ಹೊಲದವರು ದೇವರಿಗೆ ಹಣ್ಣುಕಾಯಿ ಮಾಡಿಸಿರುತ್ತಾರೆ. ಮಳೆರಾಯನಿಗೆ ಕೈಮುಗಿದಿರುತ್ತಾರೆ, ಭೂಮಿತಾಯಿಗೆ ಚರಗ ಚೆಲ್ಲಿರುತ್ತಾರೆ. ಬಸವನ ಹಬ್ಬದಲ್ಲಿ ಎತ್ತಿನ ಮೈ ತೊಳೆದು ಕೊಂಬಿಗೆ ಬಣ್ಣ ಬಳಿದು ಪೂಜೆ ಮಾಡುವ ನಾಡು ಇದು. ಎತ್ತಾದ ಮನುಷ್ಯನಿಗೆ ಯಾವ ಹಬ್ಬ?

ಜೀತ ನಿಂತಿದ್ದದ್ದೇ ಋಣ ಎಂಬ ಮಾತಿನ ಮೇಲೆ. ತಾತ ತಂದ ಮದುವೆ ಸಾಲ, ಅದಕ್ಕೆ ಅಪ್ಪ ಜೀತ, ಅಪ್ಪನ ಸಾಲಕ್ಕೆ ಮಗ. ಸಾಲ ತೀರಲಿಲ್ಲ ಎಂಬುದು ಬಡ್ಡಿಯ ವಿಚಾರ. ಆದರೆ ಬೇಲಿಯಿಲ್ಲದ ಬಯಲಲ್ಲಿ ಓಡಿಹೋಗದಂತೆ ಮನುಷ್ಯನನ್ನು ಕಟ್ಟಿಹಾಕಿದ್ದು ಬಡ್ಡಿ ಒಂದೇ ಅಲ್ಲ. “ಅವ್ರ ಅನ್ನ ಉಂಡಿವ್ನಿ, ಹೆಂಗ್ ಬುಟ್ಟೋಗ್ಲಿ” ಎಂಬ ಅವನ ಒಳ್ಳೆಯತನ. ೧೯೭೫ರ ಅಕ್ಟೋಬರಿನ ಸುಗ್ರೀವಾಜ್ಞೆ ಮತ್ತು ೧೯೭೬ರ ಕಾಯ್ದೆ ಜೀತದ ಸಾಲವನ್ನು ರದ್ದು ಮಾಡಿದವು. ಋಣವನ್ನು ರದ್ದು ಮಾಡುವ ಕಾಯ್ದೆ ಬರಲಿಲ್ಲ. ಅದನ್ನು ನಾವೇ ಮಾಡಬೇಕು.

ಹಾಗೆಂದು ಯಾರಿಗೂ ಕೈಮುಗಿಯಬೇಡಿ ಎಂದು ಹೇಳುವುದೂ ಸರಿಯಲ್ಲ. ೧೯೭೪ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಸ್ವಂತಕ್ಕೆ ಬಂದ ಎಷ್ಟೋ ಮನೆಗಳ ಗೋಡೆಯಲ್ಲಿ ದೇವರಾಜ ಅರಸರ ಪಟ ಇದೆ. ಅರಸರು ಮಾಡಿದ್ದು ಸಣ್ಣ ಕೆಲಸವಲ್ಲ, ನೆನೆಯಲಿ. ಆದರೆ ಉಳುತ್ತಿದ್ದವನಿಗೆ ಹೊಲ ಬಂದದ್ದು ದಾನವೆ, ಬಾಕಿಯೆ? ಮತ್ತೂ ಒಂದು ಮಾತು: ಗೇಣಿಚೀಟಿಯೇ ಇಲ್ಲದೆ ಬರಿಗೈ ಕೂಲಿಯಾಗಿದ್ದ ಕೇರಿಗೆ ಆ ಸುಧಾರಣೆಯಲ್ಲಿ ಸಿಕ್ಕದ್ದು ತೀರ ಕಡಿಮೆ. ಪಟಕ್ಕೆ ಊದುಬತ್ತ ಹಚ್ಚುವಾಗ ಇದೂ ನೆನಪಿರಲಿ.

ಮೇಲಿನವರೂ ಕೃತಜ್ಞರಾಗಿದ್ದರು ಎಂದು ವಾದಿಸುವವರು ಮೇಲುಕೋಟೆಯನ್ನು ತೋರಿಸುತ್ತಾರೆ. ರಾಮಾನುಜಾಚಾರ್ಯರು ದಿಲ್ಲಿಯಿಂದ ಚೆಲುವಪಿಳ್ಳೆಯ ವಿಗ್ರಹ ತರುವಾಗ ದಾರಿಯಲ್ಲಿ ಕಾಪಾಡಿದವರು ನಮ್ಮ ಜನ ಎಂದು ಐತಿಹ್ಯ. ಆ ಉಪಕಾರಕ್ಕೆ ಆಚಾರ್ಯರು ಅವರನ್ನು ತಿರುಕುಲದವರು ಎಂದು ಕರೆದರು, ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬಿಟ್ಟರು. ಆ ಕಾಲಕ್ಕೆ ಅದು ಎದೆಗಾರಿಕೆ, ಒಪ್ಪೋಣ. ಆದರೆ ಲೆಕ್ಕ ಲೆಕ್ಕವೇ. ದೇವರನ್ನೇ ಹೊತ್ತು ತಂದುಕೊಟ್ಟವರಿಗೆ ಮೂರು ದಿನ. ಮಿಕ್ಕ ಮುನ್ನೂರ ಅರವತ್ತೆರಡು ದಿನ ಹೊರಗೆ. ಬಾಗಿಲು ವರ್ಷವಿಡೀ ತೆರೆದದ್ದು ಯಾರ ಕೃತಜ್ಞತೆಯಿಂದಲೂ ಅಲ್ಲ. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ಹದಿನೇಳನೇ ವಿಧಿಯಿಂದ, ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಿಂದ.

ಕೃತಜ್ಞತೆಯನ್ನು ಕೂಲಿಯ ಬದಲಿಗೆ ಕೊಡುವ ಚಾಳಿ ಈಗಲೂ ಹೋಗಿಲ್ಲ. ೨೦೧೯ರ ಫೆಬ್ರವರಿಯಲ್ಲಿ ಪ್ರಯಾಗರಾಜದ ಕುಂಭಮೇಳದಲ್ಲಿ ದೇಶದ ಪ್ರಧಾನಿ ಐವರು ಸಫಾಯಿ ಕಾರ್ಮಿಕರ ಕಾಲು ತೊಳೆದರು. ೨೦೨೦ರ ಮಾರ್ಚ್ ೨೨ರ ಸಂಜೆ ಐದಕ್ಕೆ ದೇಶವೇ ಬಾಗಿಲಿಗೆ ಬಂದು ತಟ್ಟೆ ಬಡಿದು, ಚಪ್ಪಾಳೆ ಹೊಡೆದು ದುಡಿಯುವವರಿಗೆ ವಂದಿಸಿತು. ಕಾಲು ತೊಳೆದರೆ ಬೇಡ ಎನ್ನೋಣವೆ? ಆದರೆ ಆ ಕಾಲುಗಳು ಮತ್ತೆ ಇಳಿಯುವುದು ಎಲ್ಲಿಗೆ? ಮಲ ಬಾಚಿಸುವುದನ್ನು ೧೯೯೩ರಲ್ಲಿ ಒಮ್ಮೆ, ೨೦೧೩ರಲ್ಲಿ ಇನ್ನೊಮ್ಮೆ ಕಾನೂನು ನಿಷೇಧಿಸಿತು. ಆದರೂ ಗುಂಡಿಗಳಲ್ಲಿ ಸಾವು ನಿಲ್ಲದೆ, ೨೦೨೩ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸತ್ತವರ ಮನೆಗೆ ಕೊಡಬೇಕಾದ ಪರಿಹಾರವನ್ನು ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಬೇಕಾಯಿತು. ಕೋಲಾರದ ಚಿನ್ನದ ಗಣಿಯಲ್ಲಿ ಮಲ ಹೊರುವವರ ಮನೆಯಲ್ಲೇ ಹುಟ್ಟಿ, ೨೦೧೬ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಬದುಕನ್ನೆಲ್ಲ ಸವೆಸಿದ್ದು ಈ ಕೆಲಸ ಮಾಡುವವರಿಗೆ ವಂದನೆ ಗಿಟ್ಟಿಸಲು ಅಲ್ಲ, ಈ ಕೆಲಸವನ್ನೇ ನಿಲ್ಲಿಸಲು. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ತಲೆಮಾರುಗಳಿಂದ ಪಟ್ಟಣದ ಹೇಲು ಹೊತ್ತ ಭಂಗಿ ಕುಟುಂಬಗಳನ್ನು ಇದ್ದ ಜಾಗದಿಂದ ಎಬ್ಬಿಸಲು ಹೊರಟಾಗ, ೨೦೧೦ರ ಜುಲೈ ೨೦ರಂದು ಅವರು ನಡುಬೀದಿಯಲ್ಲಿ ಅದನ್ನೇ ಮೈಮೇಲೆ ಸುರಿದುಕೊಂಡು ನಿಂತರು. ತಾವು ಏನು ಮಾಡಿಕೊಂಡು ಬಂದಿದ್ದೇವೆ ಎಂದು ಪಟ್ಟಣಕ್ಕೆ ತಿಳಿಸಲು ಅವರಿಗೆ ಬೇರೆ ದಾರಿ ಉಳಿದಿರಲಿಲ್ಲ.

ಓದಿದ ನಮ್ಮಂಥವರ ಹತ್ತಿರ ಈ ವಸೂಲಿ ಬೇರೆ ರೂಪದಲ್ಲಿ ಬರುತ್ತದೆ. ಸರ್ಕಾರ ಓದಿಸಿತು, ಸೀಟು ಕೊಟ್ಟಿತು, ಇನ್ನೂ ಯಾಕೆ ಬೈತೀರಿ? ೧೯೭೩ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಹಾಸ್ಟೆಲುಗಳಲ್ಲಿ ನಮ್ಮ ಹುಡುಗರಿಗೆ ಹೊಡೆತ ಬಿತ್ತು, ಅವರ ಮಂತ್ರಿ ಪದವಿ ಹೋಯಿತು. ಆ ಸಿಟ್ಟೆಲ್ಲ ಬರೀ ಸಾಹಿತ್ಯದ ಮೇಲಿನ ಪ್ರೀತಿ ಎಂದು ನಾವು ನಂಬುವುದಿಲ್ಲ. ಅಕ್ಷರ ಕೊಟ್ಟೆವು, ಕುರ್ಚಿ ಕೊಟ್ಟೆವು, ಬಾಯಿ ಮುಚ್ಚಿಕೊಂಡು ಇರಬಾರದೆ ಎಂಬ ದನಿ ಅದರ ತಳದಲ್ಲಿತ್ತು. ಬಾಬಾಸಾಹೇಬರು ೧೯೧೩ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕಕ್ಕೆ ಹೋದರು. ಅದರ ಕರಾರಿನಂತೆ ಕೆಲಸ ಮಾಡಲು ೧೯೧೭ರಲ್ಲಿ ಬರೋಡಕ್ಕೆ ಬಂದರೆ ಊರಲ್ಲಿ ತಲೆಮರೆಸಲು ಒಂದು ಕೋಣೆ ಸಿಗಲಿಲ್ಲ. ಕಚೇರಿಯ ಜವಾನರು ಕಾಗದ ಪತ್ರ ದೂರದಿಂದ ಎಸೆಯುತ್ತಿದ್ದರು. ಮಹಾರಾಜರ ಉಪಕಾರ ದೊಡ್ಡದು, ನಿಜ. ಆ ಉಪಕಾರದ ಹೆಸರಲ್ಲಿ ಅವರು ಬಾಯಿ ಮುಚ್ಚಿದ್ದರೆ ನಾವು ಇಂದು ಎಲ್ಲಿರುತ್ತಿದ್ದೆವು? ಕೃತಜ್ಞತೆ ಅವರಿಗೂ ಗೊತ್ತಿತ್ತು. ೧೯೪೬ರ ಶೂದ್ರರ ಮೇಲಿನ ಪುಸ್ತಕವನ್ನು ಜೋತಿಬಾ ಫುಲೆಯವರಿಗೆ ಅರ್ಪಿಸಿದರು. ೧೯೪೮ರ ಅಸ್ಪೃಶ್ಯರ ಮೇಲಿನ ಪುಸ್ತಕವನ್ನು ನಂದನಾರ್, ರವಿದಾಸ, ಚೋಖಾಮೇಳರಿಗೆ ಅರ್ಪಿಸಿದರು. ಯಾರು ಏನು ಮಾಡಿದರು ಎಂದು ತಿಳಿದವರ ಅರ್ಪಣೆ ಹಾಗಿರುತ್ತದೆ.

ಹಳ್ಳಿ ಮೇಷ್ಟ್ರುಗಳು ಈ ಪತ್ರಿಕೆ ಓದುತ್ತೀರಿ. ಮಕ್ಕಳಿಗೆ ಋಣದ ಪಾಠ ಮಾಡುವುದಾದರೆ ಧಾರಾಳವಾಗಿ ಮಾಡಿ. ಊರ ಕೆರೆಯ ಹೂಳೆತ್ತಿದವರು ಯಾರು, ಇಸ್ಕೂಲು ಕಟ್ಟಡಕ್ಕೆ ಕಲ್ಲು ಹೊತ್ತವರು ಯಾರು, ಊರಿನ ಸತ್ತ ದನ ಎತ್ತಿದವರು ಯಾರು ಎಂದು ಮಕ್ಕಳ ಕೈಲೇ ಮನೆಮನೆಗೆ ಹೋಗಿ ಕೇಳಿಸಿ, ಬರೆಸಿ.

ನಮಗೆ ನಿಜವಾಗಿ ಕಷ್ಟವಾಗುವುದು ಊರಿನವರ ಜೊತೆ ವಾದ ಮಾಡುವಾಗಲ್ಲ, ನಮ್ಮ ಮನೆಯ ಹಿರಿಯರ ಮುಂದೆ ಕೂತಾಗ. ತೋಟಿ, ತಳವಾರ, ನೀರಗಂಟಿ ಎಂಬ ವಂಶಪಾರಂಪರ್ಯದ ಚಾಕರಿಗಳನ್ನು ೧೯೬೧ರ ಕಾಯ್ದೆಯೇ ರದ್ದು ಮಾಡಿದ್ದರೂ, ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬಂದ ಮೇಲೆಯೇ ಎಷ್ಟೋ ಕೇರಿಗಳು ತಮಟೆ ಕೆಳಗಿಟ್ಟವು, ಸತ್ತ ದನ ಎತ್ತುವುದಿಲ್ಲ ಎಂದವು. ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ, ಕೂಲಿಗೆ ಕರೆಯಲಿಲ್ಲ, ಬಹಿಷ್ಕಾರ ಹಾಕಿದರು. ಹುಡುಗರು ಹೆದರಲಿಲ್ಲ. ಆದರೆ ಕೇರಿಯ ಹಳೆಯ ಕುಳವಾಡಿ ತಾತಂದಿರು ಇಂದಿಗೂ ತಲೆ ಅಲ್ಲಾಡಿಸುತ್ತಾರೆ: “ಊರ ಋಣ ತೀರುಸ್ಬೇಕಲ್ಲಪ್ಪ. ಉಪ್ಪು ತಿಂದ ಮನೆ ಅದು. ದ್ಯಾವ್ರು ಮೆಚ್ಚಾಕಿಲ್ಲ.” ಈ ಮುದುಕರಿಗೆ ಬೈಯಲು ನಮಗೆ ಮನಸ್ಸು ಬರುವುದಿಲ್ಲ. ಭಾಷಣವಂತೂ ನಾಟುವುದಿಲ್ಲ. ಹತ್ತಿರ ಕೂರಿಸಿಕೊಂಡು, ಎಲೆ ಅಡಿಕೆ ಕೊಟ್ಟು, ಬಿಡಿಬಿಡಿಯಾಗಿ ಕೇಳಬೇಕು.

ಕೂತ್ಕೊ ತಾತ. ಲೆಕ್ಕ ಹಾಕಾನ. ಊರವ್ರು ನಿಂಗೆ ಏನ್ ಕೊಟ್ರು, ಮೊದ್ಲು ಅದನ್ನೇ ಹೇಳು. ಕಣ ಗುಡಿಸಿದ್ ಮೇಲೆ ಉಳ್ದ ರಾಗಿ, ಸರಿ. ಹಬ್ಬದಲ್ಲಿ ಮಿಕ್ಕಿದ ಅನ್ನ. ಗೌಡರು ಉಟ್ಟು ಬಿಟ್ಟ ಪಂಚೆ. ಬರಕೊಂಡ್ವಿ. ಈಗ ನೀನ್ ಮಾಡಿದ್ದು ಹೇಳು. ಯಾರಾದ್ರೂ ಸತ್ರೆ ಅವರ ನೆಂಟರ ಊರಿಗೆ ರಾತ್ರೋರಾತ್ರಿ ನಡಕೊಂಡು ಹೋಗಿ ಸುದ್ದಿ ಮುಟ್ಟಿಸ್ತಿದ್ದೆ, ವರ್ಷಕ್ಕೆ ಎಷ್ಟು ಸಾವು? ಗುಂಡಿ ತೋಡಿದ್ದು ಎಷ್ಟು? ಮಾರಿಹಬ್ಬದಲ್ಲಿ ತಮಟೆ ಹೊಡೆದ ರಾತ್ರಿ ಎಷ್ಟು? ಎತ್ತಿದ ದನ ಎಷ್ಟು? ನಿಮ್ಮಪ್ಪ ಎಷ್ಟು ವರ್ಷ ಮಾಡಿದ್ದ, ಅವರಪ್ಪ ಎಷ್ಟು ವರ್ಷ? ನಿಧಾನಕ್ಕೆ ಹೇಳು ತಾತ, ಬರಕೊತಾ ಇದೀವಿ.